ಹನ್ನೊಂದು ಫ್ರೇಮು

ಡಬ್ಬದ ಮುಚ್ಚಳ ತೆಗೆದದ್ದೇ ತಡ
ಕೋಣೆಯಿಡೀ ವಿನೆಗರಿನ ಹುಳಿ.
ಹಳೆಯ ಫಿಲ್ಮು ಸಾಯುವಾಗ ಹೀಗೇ ನಾರುತ್ತದೆ ಎಂದೆ.
ಸೆವ್ರಿನ್ ಬಾಯಿ ಮೂಗು ಮುಚ್ಚಲಿಲ್ಲ:
"ನಮ್ಮಲ್ಲಿ ಹಬ್ಬದ ಹಂದಿಮಾಂಸಕ್ಕೂ ಇದೇ ವಾಸನೆ ಮಾರಾಯ,
ನೀನು ಯಂತ್ರ ತಿರುಗಿಸು."

ಬಂದರಿನ ಗುಜರಿಯ ಇದ್ದಿನಬ್ಬ
ತೂಕಕ್ಕೆ ಕೊಂಡ ಡಬ್ಬಗಳಿವು.
ಹಂಪನಕಟ್ಟೆಯ ಟಿಕೆಟ್ ಏಜೆಂಟನೊಬ್ಬ
ಗಿರಾಕಿಗಳಿಗೆ ತೋರಿಸಲೆಂದು ತರಿಸಿದ್ದನಂತೆ
ವಿಲಾಯತಿ ವಿಮಾನ ಕಂಪನಿಯ ಚಿತ್ರಗಳು,
ನಾಲ್ಕು ಸುರುಳಿ.

ಮೊದಲನೆಯದರಲ್ಲಿ ಯುದ್ಧ ಈಗಷ್ಟೇ ಮುಗಿದಿದೆ.
ಬಾಂಬು ಹೊತ್ತ ಹೊಟ್ಟೆಯೊಳಗೆ ಮೆತ್ತೆಯ ಕುರ್ಚಿ,
ಪೈಲಟಿನ ಮೀಸೆ ಇನ್ನೂ ಸೇನೆಯದೇ.
ರೋಮ್, ಕೈರೋ, ಬಸ್ರಾ, ಕರಾಚಿ:
ಭೂಪಟದ ಮೇಲೆ ಬಿಳಿ ಗೆರೆಯೊಂದು
ಇರುವೆಯ ಹಾಗೆ ಹರಿದು ಬಂದು
ಬೊಂಬಾಯಿಯಲ್ಲಿ ನಿಲ್ಲುತ್ತದೆ.
ಅದರ ಕೆಳಗೆ ನಾವು, ಬರೀ ಅಂಚು.

ಎರಡನೆಯದರಲ್ಲಿ ಜೆಟ್ಟು ಬಂತು. ಚೌಕ ಕಿಟಕಿ,
ಆಚೆ ಮೋಡ, ಈಚೆ ಮೇಜಿನ ಮೇಲೆ
ನೆಟ್ಟಗೆ ನಿಂತ ಪೆನ್ಸಿಲು. ನೋಡಿ, ಅಲುಗಾಟವೇ ಇಲ್ಲ!
ಮೂರನೆಯದರಲ್ಲಿ ಕಿಟಕಿಗಳೆಲ್ಲ ದುಂಡಗಾಗಿವೆ.
ಯಾಕೆ ದುಂಡಗಾದವು ಎಂದು
ಆ ಬೆಣ್ಣೆ ಸವರಿದ ದನಿ ಹೇಳುವುದಿಲ್ಲ.
ತಗಡು ಮೂಲೆಯಿಂದ ಸೀಳಿ
ಸಮುದ್ರಕ್ಕೆ ಉದುರಿದ್ದೆಲ್ಲ
ನಾನು ಒಂದು ಡಬ್ಬ ಮುಚ್ಚಿ
ಇನ್ನೊಂದು ತೆರೆಯುವುದರೊಳಗೆ ಆಗಿಹೋಗಿತ್ತು.

ನಾಲ್ಕನೆಯದರಲ್ಲಿ ಬಾಯಿ ಕೂಗಿದರು, "ನಿಲ್ಲಿಸು!"
ಲಂಡನ್, ತುಂತುರು, ಮೆಟ್ಟಿಲು.
ಟೊಪ್ಪಿಯ ಮೇಡಂ, ಇಬ್ಬರು ಮಕ್ಕಳು,
ಅವರ ಹಿಂದೆ, ಚಿತ್ರ ಮುಗಿಯುವ ಅಂಚಿನಲ್ಲಿ
ಒಂದು ಹೆಗಲು, ಗಾಳಿಗೆ ಎದ್ದ ಸೆರಗು,
ಹಾಲಿನ ಬಾಟಲಿ ಹಿಡಿದ ಕೈ.
ಹನ್ನೊಂದು ಫ್ರೇಮು. ಅರ್ಧ ಸೆಕೆಂಡೂ ಇಲ್ಲ.
"ನನ್ನ ಅಕ್ಕ ನತಾಲಿ."

ಕಾಫಿ ಕ್ಯೂರಿಂಗಿನ ದೊರೆಯ ಮಕ್ಕಳನ್ನು
ಎತ್ತಿಕೊಂಡು ಹೋದಳಂತೆ ಅಷ್ಟು ದೂರ,
ಬಜಪೆಯಿಂದ ಡಕೋಟಾ, ಬೊಂಬಾಯಿಯಿಂದ ಇದು.
ಒಂದು ಚಳಿಗಾಲ ಕಳೆದು ಹಡಗಿನಲ್ಲಿ ವಾಪಸು.
ಮೇಲಿಂದ ಏನೇನು ಕಂಡಿತು ಎಂದು
ಜೆಪ್ಪುವಿಗೆ ಜೆಪ್ಪುವೇ ಬಂದು ಕೇಳಿದರೆ
"ಮಗುವಿನ ಮುಖ ಕಂಡಿತು" ಎಂದಳಂತೆ,
"ಕಿಟಕಿ ನೋಡಲು ಪುರುಸೊತ್ತು ಎಲ್ಲಿತ್ತು?"

ನಾನು ಸುಮ್ಮನಿದ್ದೆ.
ಮುಖವಿಲ್ಲದ ಹೆಗಲು ಯಾರದೂ ಆಗಬಹುದು.
ಎಷ್ಟು ಆಯಾಗಳು, ಎಷ್ಟು ಮೆಟ್ಟಿಲುಗಳು.
ಸುಮ್ಮನಿದ್ದದ್ದು ಅವರಿಗೆ ಕೇಳಿಸಿರಬೇಕು.

ಕರ್ಚೀಫಿನ ಗಂಟು ಬಿಚ್ಚಿದರು: ಒಂದು ಚಮಚ.
ಹಿಡಿಯ ಮೇಲೆ ಕಂಪನಿಯ ಮುದ್ರೆ, ಅರ್ಧ ಅಳಿಸಿದ್ದು.
"ಕದ್ದದ್ದು. ಪಾದ್ರಿಗಳ ಹತ್ತಿರವೂ ಹೇಳಲಿಲ್ಲ ಅವಳು.
ನಮ್ಮ ಮನೆಯ ಹದಿನಾಲ್ಕು ಮಕ್ಕಳಿಗೆ
ಗಂಜಿಯೂ ಇದರಲ್ಲೇ, ಹರಳೆಣ್ಣೆಯೂ ಇದರಲ್ಲೇ.
ಅಂಚು ಮುಟ್ಟಿ ನೋಡು, ಎಲ್ಲಿ ಸವೆದಿದೆ?
ನಿನ್ನ ಮನೆಯ ಚಮಚ ಎಡಕ್ಕೆ ಸವೆಯುತ್ತದೆ.
ಇದು ಬಲಕ್ಕೆ.
ಎಡಚಿ ಅವಳು. ಸಿಸ್ಟರುಗಳು ಬೆತ್ತ ಮುರಿದರೂ
ಕೈ ಬದಲಾಯಿಸಲಿಲ್ಲ."

ಪರದೆಯಲ್ಲಿ ಬಾಟಲಿ ಎಡಗೈಯಲ್ಲಿತ್ತು.

ಆದರೂ ನನ್ನ ಕಸುಬಿನ ಚಾಳಿ ಒಂದುಂಟು:
ಫಿಲ್ಮು ಮಗುಚಿಕೊಂಡರೆ ಎಡವೇ ಬಲ.
ಹಿಂದಕ್ಕೆ ತಿರುಗಿಸಿ ವಿಮಾನದ ಮೈ ಹುಡುಕಿದೆ.
ಅಲ್ಲಿತ್ತು ಕಂಪನಿಯ ಹೆಸರು, ಆಳೆತ್ತರದ ಅಕ್ಷರ,
ಆಮೇಲೆ ಇನ್ನೊಂದು ಕಂಪನಿಯಲ್ಲಿ ಕರಗಿ
ಮೈಮೇಲೆ ಬಣ್ಣ ಬಳಿಸಿಕೊಂಡು ಕಾಣೆಯಾದ ಹೆಸರು.
ನೆಟ್ಟಗೇ ಓದಲು ಬಂತು.
ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

"ಹೌದು ಬಾಯಿ," ಎಂದೆ, "ಅವರೇ."
"ನಾನು ಆಗಲೇ ಹೇಳಲಿಲ್ವಾ,"
ಚಮಚವನ್ನು ಮತ್ತೆ ಗಂಟು ಕಟ್ಟುತ್ತಾ,
"ಇನ್ನೊಮ್ಮೆ ತಿರುಗಿಸು. ಮೆಲ್ಲ."